ಹೊಸ ಊರು, ಹೊಸ ಕಾಲೇಜು: ಮೊದಲ ಮೂರು ತಿಂಗಳ ಜೋಪಾನ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿ ತಾಲ್ಲೂಕುಗಳ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ನಾನು ನಿಮ್ಮ ಮುಂದೆ ನಿಂತಾಗಲೆಲ್ಲ ಕೆಚ್ಚಲು ಬಾವು, ಕಾಲುಬಾಯಿ ಬೇನೆಯ ಲಸಿಕೆ, ಖನಿಜ ಮಿಶ್ರಣ ಎಂದು ಮಾತು ತೆಗೆಯುತ್ತೇನೆ. ಇವತ್ತು ಆ ಮಾತು ಬೇಡ. ಈ ವರ್ಷ ಪಿ.ಯು.ಸಿ. ಮುಗಿಸಿ ಬೇರೆ ಊರಿನ ಕಾಲೇಜಿಗೆ ಹೊರಟಿರುವ ನಿಮ್ಮ ಮಕ್ಕಳ ಬಗ್ಗೆ ಎರಡು ಮಾತು ಹೇಳುತ್ತೇನೆ. ಹಾಲಿನ ಬಟವಾಡೆ ಎಲ್ಲಿಗೆ ಹೋಗುತ್ತದೆ ಎಂದು ಯಾವ ಮನೆಯಲ್ಲಿ ಕೇಳಿದರೂ ಮೊದಲು ಬರುವ ಉತ್ತರ ಒಂದೇ: "ಹುಡುಗನ ಫೀಜಿಗೆ, ಹುಡುಗಿಯ ಹಾಸ್ಟೆಲಿಗೆ." ಅಷ್ಟು ಕಷ್ಟಪಟ್ಟು ಕಳಿಸಿದ ಮಗು ಮೊದಲ ಮೂರು ತಿಂಗಳು ಅಲ್ಲಿ ನಿಂತರೆ ನಾಲ್ಕು ವರ್ಷ ನಿಲ್ಲುತ್ತದೆ. ಆ ಮೂರು ತಿಂಗಳ ಜೋಪಾನ ಹೇಗೆ ಎಂಬುದೇ ಇವತ್ತಿನ ವಿಷಯ.

ನಮ್ಮ ಭಾಗದವರಿಗೆ ಓದಿಗಾಗಿ ಊರು ಬಿಡುವುದು ಹೊಸದಲ್ಲ. ಡಾ. ಫ.ಗು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ ಮುಂಬಯಿಗೆ ಹೋಗಿ ಓದಿದರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ; ಅದಕ್ಕೂ ಮೊದಲು ಪದವಿ ಬೇಕೆಂದರೆ ಪುಣೆ, ಮುಂಬಯಿಯ ದಾರಿ ಹಿಡಿಯಬೇಕಿತ್ತು. ಹಳಕಟ್ಟಿಯವರು ವಿಜಯಪುರಕ್ಕೆ ಬಂದು ವಕೀಲಿ ಮಾಡುತ್ತ, 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದರು. ಸಂಶೋಧಕ ಡಾ. ಎಂ.ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನವರು. ಅವರು ವಿಜಯಪುರದಲ್ಲಿ ಪದವಿ ಮುಗಿಸಿ, ಧಾರವಾಡಕ್ಕೆ ಹೋಗಿ ಎಂ.ಎ. ಮಾಡಿದರು. ಹೊಲ ಬಿಟ್ಟು ಟ್ರಂಕು ಹೊತ್ತು ಹೋದವರಿಂದಲೇ ಈ ಜಿಲ್ಲೆಯ ಹೆಸರು ಹೊರಗೆ ಬಂದಿದೆ. ಆದರೆ ಹೋದವರಲ್ಲಿ ನಿಂತವರ ಕಥೆ ಮಾತ್ರ ನಮಗೆ ಗೊತ್ತು, ಅರ್ಧಕ್ಕೆ ಬಿಟ್ಟುಬಂದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಬಿಟ್ಟುಬರುವುದಕ್ಕೆ ನಾನೂ ಒಮ್ಮೆ ಸಜ್ಜಾಗಿದ್ದೆ. ಅದನ್ನೇ ಮೊದಲು ಹೇಳುತ್ತೇನೆ.

ನನ್ನ ಮೊದಲ ವರ್ಷ

1998ರಲ್ಲಿ ನನಗೆ ಬೇರೆ ಜಿಲ್ಲೆಯ ಪಶುವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ನಾನು ಇಂಡಿ ತಾಲ್ಲೂಕಿನ ಹಳ್ಳಿಯವ, ಪೂರ್ತಿ ಕನ್ನಡ ಮಾಧ್ಯಮ. ಮೊದಲ ವಾರವೇ ಅಂಗರಚನಾ ಶಾಸ್ತ್ರದ ತರಗತಿಯಲ್ಲಿ ಗುರುಗಳು ಒಂದು ದೊಡ್ಡ ಎಲುಬು ಎತ್ತಿ ಹಿಡಿದು, ಇದು ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಗೊತ್ತಿತ್ತು. ನೊಗ ಹಚ್ಚಿ ಹಚ್ಚಿ ಹುಣ್ಣಾದ ಎತ್ತಿನ ಹೆಗಲಿಗೆ ಅರಿಶಿನ ಎಣ್ಣೆ ಸವರಿದ ಕೈ ನನ್ನದು. ಎದ್ದು ನಿಂತು "ಹೆಗಲ ಎಲುಬು ಸರ್" ಎಂದೆ. ತರಗತಿಯೆಲ್ಲ ನಕ್ಕಿತು. ಅವರಿಗೆ ಬೇಕಿದ್ದದ್ದು "ಸ್ಕ್ಯಾಪುಲಾ" ಎಂಬ ಮಾತು. ಅಂದಿನಿಂದ ನಾನು ಹಿಂದಿನ ಬೆಂಚಿಗೆ ಹೋದೆ. ಊಟ ಸೇರಲಿಲ್ಲ. ಮೆಸ್ಸಿನಲ್ಲಿ ಅನ್ನ, ಚಪಾತಿ ಇದ್ದವು, ಆದರೆ ನನ್ನ ಹೊಟ್ಟೆ ಕೇಳುತ್ತಿದ್ದದ್ದು ಜೋಳದ ರೊಟ್ಟಿ. ರಾತ್ರಿ ಎಸ್.ಟಿ.ಡಿ. ಬೂತಿನ ಮುಂದೆ ಸಾಲು ನಿಂತು ಫೋನು ಮಾಡೋಣವೆಂದರೆ ನಮ್ಮ ಮನೆಯಲ್ಲಿ ಫೋನೇ ಇರಲಿಲ್ಲ.

ನನ್ನ ಕೋಣೆಯಲ್ಲಿ ನಮ್ಮ ಜಿಲ್ಲೆಯವನೇ ಆದ ಇನ್ನೊಬ್ಬ ಹುಡುಗನಿದ್ದ. ಓದಿನಲ್ಲಿ ನನಗಿಂತ ಚುರುಕು. ಇಬ್ಬರೂ ಒಂದೇ ದಿನ ಮನೆಗೆ ಪತ್ರ ಬರೆದೆವು: "ಇಲ್ಲಿ ನನಗ ಆಗೂದಿಲ್ಲ, ವಾಪಸ್ ಬರ್ತೀನಿ." ಇಬ್ಬರಿಗೂ ಒಂದು ವಾರದಲ್ಲಿ ಉತ್ತರ ಬಂತು.

ಅವನ ಮನೆಯಿಂದ ಬಂದ ಪತ್ರದಲ್ಲಿ, ಹೊಲ ಒತ್ತೆ ಇಟ್ಟು ಕಳಿಸಿದ್ದೇವೆ, ಬಂದರೆ ಊರಲ್ಲಿ ನಮ್ಮ ಮುಖ ಉಳಿಯುವುದಿಲ್ಲ ಎಂದಿತ್ತು. ನಮ್ಮ ತಂದೆಗೆ ಬರೆಯಲು ಬಾರದು. ಹಾಲಿನ ಸಂಘದ ಕಾರ್ಯದರ್ಶಿಯವರ ಕೈಯಿಂದ ಬರೆಸಿದ್ದರು: "ಮನಿ ನಿಂದ ಐತಿ, ಯಾವಾಗ ಬೇಕಾದ್ರೂ ಬಾ. ಆದ್ರ ದೀಪಾವಳಿ ತನಕ ನೋಡು. ಆಮ್ಯಾಲೂ ಬ್ಯಾಡ ಅನಿಸಿದ್ರ ನಾನ ಬಂದು ಕರಕೊಂಡು ಹೋಗತೀನಿ."

ದೀಪಾವಳಿಗೆ ಒಂದು ತಿಂಗಳಿತ್ತು. ಒಂದು ತಿಂಗಳು ತಾನೆ ಎಂದು ನಾನು ಉಳಿದೆ. ನನ್ನ ಗೆಳೆಯ ಮುಂದಿನ ವಾರ ಒಂದು ರಾತ್ರಿ ಯಾರಿಗೂ ಹೇಳದೆ ಹೊರಟುಹೋದ. ಕಾಲೇಜಿನಲ್ಲೂ ಇಲ್ಲ, ಮನೆಗೂ ಹೋಗಲಿಲ್ಲ. ಮಹಾರಾಷ್ಟ್ರದಲ್ಲಿ ಕೂಲಿ ಮಾಡಿಕೊಂಡಿದ್ದು, ಎರಡು ವರ್ಷದ ಮೇಲೆ ಊರಿಗೆ ಬಂದ. ಓದು ಅಲ್ಲಿಗೇ ಮುಗಿಯಿತು. ಅವನ ತಂದೆತಾಯಿ ಕೆಟ್ಟವರಲ್ಲ, ಅವರು ಬರೆದದ್ದು ಸುಳ್ಳೂ ಅಲ್ಲ. ಆದರೆ ಆ ಪತ್ರ ಅವನಿಗೆ ಎರಡೂ ಬಾಗಿಲು ಮುಚ್ಚಿತು. ನನ್ನ ತಂದೆಯ ಪತ್ರ ಒಂದು ಬಾಗಿಲು ತೆರೆದಿಟ್ಟು, ಒಂದು ಗಡುವು ಕೊಟ್ಟಿತು. ಇಬ್ಬರ ನಡುವೆ ಇದ್ದ ವ್ಯತ್ಯಾಸ ಅಷ್ಟೇ.

ಹೊಸ ಗೂಟಕ್ಕೆ ಕಟ್ಟಿದ ಆಕಳು

ಇದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಸಂತೆಯಿಂದ ಆಕಳು ತಂದ ದಿನ ಹಾಲು ಎಷ್ಟು ಕೊಡುತ್ತದೆ? ಮಾರಿದವನು 8 ಲೀಟರ್ ಎಂದಿರುತ್ತಾನೆ, ನಿಮ್ಮ ತಂಬಿಗೆಯಲ್ಲಿ 5 ಬಂದಿರುತ್ತದೆ. ಪ್ರಯಾಣದ ದಣಿವು, ಹೊಸ ನೀರು, ಹೊಸ ಕೈ. ಮೇವು ಒಮ್ಮೆಲೆ ಬದಲಾದರೆ ಹೊಟ್ಟೆಯೂ ಕೆಡುತ್ತದೆ. ಮೆಲುಕು ಚೀಲದಲ್ಲಿರುವ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು 2ರಿಂದ 3 ವಾರ ಬೇಕು. ಅದಕ್ಕೇ ಹಳೆಯ ಮನೆಯ ಮೇವನ್ನು ಸ್ವಲ್ಪ ತಂದು, ಹೊಸದನ್ನು ದಿನಕ್ಕಿಷ್ಟು ಬೆರೆಸುತ್ತ ಹೋಗಿ ಎಂದು ನಾವು ಹೇಳುತ್ತೇವೆ. ಹಿಂಡಿನ ಹಳೆಯ ದನಗಳು ಹಾಯುತ್ತವೆ, ಆದ್ದರಿಂದ ಸಾಧು ಆಕಳ ಪಕ್ಕದಲ್ಲಿ ಕಟ್ಟಿ ಎನ್ನುತ್ತೇವೆ. ಮೂರನೆಯ ದಿನಕ್ಕೇ ಹಾಲಿಲ್ಲವೆಂದು ಮತ್ತೆ ಸಂತೆಗೆ ಹೊಡೆದುಕೊಂಡು ಹೋಗುವವನನ್ನು ಜಾಣ ಎನ್ನುವುದಿಲ್ಲ.

ಮಕ್ಕಳು ದನಗಳಲ್ಲ. ಆದರೆ ದನಕ್ಕೆ ಕೊಡುವ 3 ವಾರವನ್ನು ಮಗುವಿಗೂ ಕೊಡಿ ಎನ್ನುವುದು ನನ್ನ ವಿನಂತಿ. ಮೊದಲ ಕಿರು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಓದು ಹತ್ತಲಿಲ್ಲ ಎಂದು ತೀರ್ಮಾನಿಸಬೇಡಿ.

ಹೊರಡುವ ಮುನ್ನ ಮಾಡಬೇಕಾದದ್ದು

ಮೊದಲನೆಯದು ಕಾಗದಪತ್ರ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ–ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇವುಗಳ ನಾಲ್ಕು ನಾಲ್ಕು ಜೆರಾಕ್ಸ್ ಮಾಡಿಸಿ. ಮೂಲ ಪತ್ರ ಕಾಲೇಜಿನಲ್ಲಿ ಕೊಟ್ಟರೆ ರಸೀದಿ ಪಡೆಯಿರಿ.

ಎರಡನೆಯದು ವಸತಿ. ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳಿಗೆ ಅರ್ಜಿಯ ಕೊನೆಯ ದಿನ ಇರುತ್ತದೆ. ಹಾಸ್ಟೆಲ್ ಸಿಗದ ಅರ್ಹ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯ ಊಟ–ವಸತಿ ಸಹಾಯಧನವಿದೆ. "ನೋಡೋಣ" ಎನ್ನುತ್ತ ಕೂತರೆ ದಿನ ಹೋಗುತ್ತದೆ. ಸಂಘದ ಕಾರ್ಯದರ್ಶಿಯವರು ಈ ದಿನಾಂಕಗಳನ್ನು ಹಾಲು ಅಳೆಯುವ ಜಾಗದ ಹಲಗೆಯ ಮೇಲೆ ಬರೆದರೆ ದೊಡ್ಡ ಉಪಕಾರ.

ಮೂರನೆಯದು ಕೈಕೆಲಸ. ಗಂಡು ಮಗನಿಗೂ ಅನ್ನ–ಸಾರು ಮಾಡಲು, ಬಟ್ಟೆ ಒಗೆಯಲು, ಗುಂಡಿ ಹಚ್ಚಲು ಕಲಿಸಿ. ನನಗೆ ಹಾಲು ಹಿಂಡಲು ಬರುತ್ತಿತ್ತು, ಅನ್ನ ಮಾಡಲು ಬರುತ್ತಿರಲಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಒಂದು ಡಬ್ಬಿ ತುಂಬಿ ಕಳಿಸಿ. ಇದು ಹಳೆಯ ಮನೆಯ ಮೇವು ಇದ್ದ ಹಾಗೆ. ಹೊಸ ಊಟಕ್ಕೆ ಬೆರೆಸಿಕೊಂಡು ಉಣ್ಣುತ್ತಾರೆ. ಕೋಣೆಯ ಹುಡುಗರಿಗೆ ಹಂಚಿದರೆ ಗೆಳೆತನವೂ ಆಗುತ್ತದೆ.

ಮಕ್ಕಳಿಗೆ ನಾಲ್ಕು ಮಾತು

ಇಲ್ಲಿ ಹಿಂದೆ ಕೂತಿರುವ ವಿದ್ಯಾರ್ಥಿಗಳೆ, ಈಗ ನಿಮಗೆ.

ಇಂಗ್ಲಿಷಿಗೆ ಅಂಜಬೇಡಿ. ದೀಪಾವಳಿ ತನಕ ಉಳಿಯಬೇಕಲ್ಲ ಎಂದು ನಾನು ಒಂದು ವಹಿಯಲ್ಲಿ ನಡುವೆ ಗೆರೆ ಎಳೆದು, ಒಂದು ಕಡೆ ಇಂಗ್ಲಿಷ್ ಮಾತು, ಇನ್ನೊಂದು ಕಡೆ ನಮ್ಮ ಊರ ಮಾತು ಬರೆಯತೊಡಗಿದೆ. ದಿನಕ್ಕೆ ಹತ್ತು ಮಾತ್ರ. ಸ್ಕ್ಯಾಪುಲಾ – ಹೆಗಲ ಎಲುಬು. ಉಡ್ಡರ್ – ಕೆಚ್ಚಲು. ತಿಂಗಳಿಗೆ ಮುನ್ನೂರಾಯಿತು. ನಿಮಗೆ ವಿಷಯ ಗೊತ್ತಿಲ್ಲವೆಂದಲ್ಲ, ಅದರ ಹೆಸರು ಗೊತ್ತಿಲ್ಲ, ಅಷ್ಟೇ. ಕನ್ನಡದಲ್ಲಿ ಕೇಳಿದರೆ ಬಹಳಷ್ಟು ಗುರುಗಳು ತರಗತಿ ಮುಗಿದ ಮೇಲೆ ನಿಂತು ಹೇಳುತ್ತಾರೆ. ಕೇಳಿ ನೋಡಿ.

ಮುಂದಿನ ಎರಡು ಸಾಲುಗಳಲ್ಲಿ ಕೂಡಿರಿ. ಬೆಳಗಿನ ಊಟ ಬಿಡಬೇಡಿ. ನಮ್ಮ ಊರವರ ಜೊತೆಗೇ ಗುಂಪು ಕಟ್ಟಬೇಡಿ. ಬೇರೆ ಜಿಲ್ಲೆಯ ಒಬ್ಬ ಗೆಳೆಯನಾದರೂ ಇರಲಿ. ಮೊದಲ ತಿಂಗಳು ಪ್ರತಿ ಶನಿವಾರ ಊರಿಗೆ ಬರುವ ರೂಢಿ ಬೇಡ. ವಿಜಯಪುರದಲ್ಲಿ ಓದುವವರಿಗೆ ಇದು ದೊಡ್ಡ ಸೆಳೆತ, ಬಸ್ಸು ಹತ್ತಿದರೆ ಮನೆ. ಧಾರವಾಡ ಸುಮಾರು 200 ಕಿ.ಮೀ., ಬೆಂಗಳೂರು 500ಕ್ಕೂ ಮೇಲೆ. ಅಲ್ಲಿನವರು ಮನಸ್ಸಿದ್ದರೂ ಬರಲಾರರು, ಆದ್ದರಿಂದ ಬೇಗ ಹೊಂದಿಕೊಳ್ಳುತ್ತಾರೆ.

ಹಣದ ಲೆಕ್ಕ ಬರೆಯಿರಿ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಆಟ, ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪು, ಇವೆರಡರ ಬಾಗಿಲಿಗೂ ಹೋಗಬೇಡಿ. ನಿಮ್ಮ ತಾಯಿ ಒಂದು ಲೀಟರ್ ಹಾಲಿಗೆ ಎಷ್ಟು ಹೊತ್ತು ಸಗಣಿ ಬಾಚುತ್ತಾಳೆ ಎಂಬುದು ನಿಮಗೇ ಗೊತ್ತು.

ರ‍್ಯಾಗಿಂಗ್ ಮಾಡಿದರೆ ಸಹಿಸಿಕೊಂಡು ಸುಮ್ಮನಿರಬೇಡಿ. ನಮ್ಮ ಕಾಲದಲ್ಲಿ ಅದನ್ನು ಪದ್ಧತಿ ಎನ್ನುತ್ತಿದ್ದರು. ಕರ್ನಾಟಕದ 1983ರ ಶಿಕ್ಷಣ ಕಾಯ್ದೆಯಲ್ಲಿ ಅದಕ್ಕೆ ನಿಷೇಧವಿದೆ, 2009ರಲ್ಲಿ ಯು.ಜಿ.ಸಿ. ಕಟ್ಟುನಿಟ್ಟಿನ ನಿಯಮ ತಂದಿದೆ. 1800-180-5522 ಎಂಬ ಉಚಿತ ದೂರವಾಣಿಗೆ ದೂರು ಕೊಡಬಹುದು.

ತಂದೆತಾಯಿಗಳಿಗೆ

ಹೊರಡುವ ಮುನ್ನ ಮಗುವನ್ನು ಕೂಡಿಸಿಕೊಂಡು ಮನೆಯ ಲೆಕ್ಕ ಒಮ್ಮೆ ನೇರವಾಗಿ ಹೇಳಿ: ಇಷ್ಟು ಸಾಲ, ತಿಂಗಳಿಗೆ ಇಷ್ಟು ಕಳಿಸುತ್ತೇವೆ. ಹೇಳಿದ ಮೇಲೆ ಮತ್ತೆ ಮತ್ತೆ ಎತ್ತಬೇಡಿ. ಪ್ರತಿ ಫೋನಿನಲ್ಲಿ "ನಿನಗಾಗಿ ಎಮ್ಮಿ ಮಾರೀವಿ" ಎಂದರೆ ಆ ಮಗು ತನ್ನ ಕಷ್ಟ ಹೇಳುವುದನ್ನೇ ಬಿಡುತ್ತದೆ. ಮುಚ್ಚಿಡುವುದೂ ಸರಿಯಲ್ಲ. ಆ ದೀಪಾವಳಿಗೆ ನಾನು ಊರಿಗೆ ಹೋದಾಗ ಕೊಟ್ಟಿಗೆಯಲ್ಲಿ ಒಂದು ಗೂಟ ಖಾಲಿ ಇತ್ತು. ನನ್ನ ಫೀಜಿಗೆ ಎರಡನೇ ಸೂಲಿನ ಎಮ್ಮೆ ಮಾರಿದ್ದರು. ಪತ್ರದಲ್ಲಿ ಆ ಮಾತೇ ಇರಲಿಲ್ಲ. "ನಿನಗ ಹೇಳಿದ್ರ ಓದು ಬಿಟ್ಟು ಬರತಿದ್ದಿ" ಎಂದರು ತಂದೆ. ಅವರು ಹೇಳಿದ್ದು ನಿಜ. ಆದರೂ ಆ ಹಗ್ಗ ನೋಡಿ ನನಗೆ ನಾಲ್ಕು ದಿನ ಅನ್ನ ಇಳಿಯಲಿಲ್ಲ. ಮೊದಲೇ ಹೇಳಿದ್ದರೆ ಹೊರುವ ಶಕ್ತಿಯೂ ಬರುತ್ತಿತ್ತು ಎಂದು ಈಗ ಅನಿಸುತ್ತದೆ.

ಫೋನಿಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಸಂಜೆಯ ಹಾಲು ಹಾಕಿ ಬಂದ ಮೇಲೆ ಹತ್ತು ನಿಮಿಷ ಸಾಕು. ಮೊದಲ ಪ್ರಶ್ನೆ "ಎಷ್ಟು ಮಾರ್ಕ್ಸ್" ಎಂದಾಗದಿರಲಿ, "ಏನು ಉಂಡಿ, ಯಾರ ಜೋಡಿ ಉಂಡಿ" ಎಂದಿರಲಿ. ಒಂಟಿಯಾಗಿ ಉಣ್ಣುವ ಮಗು ಇನ್ನೂ ಹೊಂದಿಕೊಂಡಿಲ್ಲ ಎಂದು ತಿಳಿಯಿರಿ.

ದನ ಮೇವು ಬಿಟ್ಟರೆ ಅರ್ಧ ದಿನದಲ್ಲಿ ನನಗೆ ಫೋನು ಬರುತ್ತದೆ. ಮಗು ಊಟ ಬಿಟ್ಟರೆ, ನಿದ್ದೆ ಬಾರದೆಂದರೆ, ಫೋನು ಎತ್ತದಿದ್ದರೆ, ತರಗತಿಗೆ ಹೋಗದಿದ್ದರೆ ಅಷ್ಟೇ ಬೇಗ ಎದ್ದು ಹೋಗಿ ನೋಡಿ. ಬೈಯಲು ಹೋಗಬೇಡಿ, ಪಕ್ಕದಲ್ಲಿ ಕೂಡಲು ಹೋಗಿ. ಮನಸ್ಸಿನ ಬೇನೆಗೂ ಔಷಧಿ ಇದೆ, ಅದು ನಾಚಿಕೆಯ ಮಾತಲ್ಲ. 2022ರಲ್ಲಿ ಆರಂಭವಾದ ಟೆಲಿ–ಮಾನಸ್ ಎಂಬ ಸರ್ಕಾರಿ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಫೋನು ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಹೆಣ್ಣುಮಕ್ಕಳ ವಿಷಯ. ವಿಜಯಪುರದಲ್ಲಿ 2003ರಲ್ಲೇ ಮಹಿಳಾ ವಿಶ್ವವಿದ್ಯಾಲಯ ಆರಂಭವಾಗಿದೆ, ಇಂದು ಅದಕ್ಕೆ ಅಕ್ಕಮಹಾದೇವಿಯವರ ಹೆಸರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ಹುಡುಗಿ ಎರಡು ವಾರ ಅತ್ತಳೆಂದು ಕರೆತಂದು ಲಗ್ನದ ಮಾತು ತೆಗೆಯಬೇಡಿ. ಮಗನಿಗೆ ಕೊಡುವ ಗಡುವನ್ನೇ ಮಗಳಿಗೂ ಕೊಡಿ.

ಸಂಘಗಳಿಗೆ ಒಂದು ವಿನಂತಿ

ಪ್ರತಿ ಸಂಘದಲ್ಲಿ ಹಾಲಿನ ವಹಿಯ ಜೊತೆ ಇನ್ನೊಂದು ಚಿಕ್ಕ ವಹಿ ಇಡಿ. ನಮ್ಮೂರಿನ ಯಾವ ಮಗು ಯಾವ ಊರಿನ ಯಾವ ಕಾಲೇಜಿನಲ್ಲಿದೆ, ಎಷ್ಟನೇ ವರ್ಷ, ಇಷ್ಟು ಬರೆದರೆ ಸಾಕು. ಈ ವರ್ಷ ಧಾರವಾಡಕ್ಕೆ ಹೋಗುವ ಹುಡುಗನಿಗೆ ಅಲ್ಲಿಯೇ ಮೂರನೇ ವರ್ಷದಲ್ಲಿರುವ ನಮ್ಮೂರ ಹುಡುಗನ ಗುರುತು ಹೇಳಿ ಕಳಿಸಿ. ಸಾಧು ಆಕಳ ಪಕ್ಕದಲ್ಲಿ ಕಟ್ಟುವುದು ಎಂದೆನಲ್ಲ, ಅದು ಇದೇ. ಪ್ರತಿಯೊಬ್ಬರ ಹಾಲನ್ನು ಒಂದೇ ಕ್ಯಾನಿಗೆ ಹಾಕಿ ಮಾರುವ ನಾವು, ಮಕ್ಕಳ ಈ ಚಿಂತೆಯನ್ನು ಮಾತ್ರ ಒಬ್ಬೊಬ್ಬರೇ ಏಕೆ ಹೊರಬೇಕು?

ನನ್ನ ಆ ಗೆಳೆಯ ಇವತ್ತು ಊರಲ್ಲೇ ಇದ್ದಾನೆ, ನಾಲ್ಕು ಎಮ್ಮೆ ಕಟ್ಟಿದ್ದಾನೆ, ಚೆನ್ನಾಗಿದ್ದಾನೆ. ನಾನು ಅವನ ಎಮ್ಮೆಗೆ ಚುಚ್ಚುಮದ್ದು ಹಾಕಲು ಹೋದಾಗ, "ಇದನ್ನ ನಾನೂ ಹಾಕಬೇಕಾಗಿತ್ತು ನೋಡಪಾ" ಎಂದು ನಗುತ್ತಾನೆ. ಆ ನಗು ನಿಮ್ಮ ಮನೆಯ ಮಗುವಿಗೆ ಬಾರದಿರಲಿ. "ಯಾವಾಗ ಬೇಕಾದ್ರೂ ಬಾ, ಆದ್ರ ದೀಪಾವಳಿ ತನಕ ನೋಡು" ಎಂಬ ಮಾತನ್ನು ಹೇಳಿ ಕಳಿಸಿ ಎಂದು ಕೇಳಿಕೊಳ್ಳುತ್ತ, ನನ್ನ ಮಾತು ಮುಗಿಸುತ್ತೇನೆ.