ಸರ್ವೆ ಕೊಂಬೆ, ಸ್ಪ್ರೂಸ್ ಮರ

ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಮನೆಗಳ ಮುಂದೆ ಈ ವಾರ ನಕ್ಷತ್ರದ ದೀಪಗಳು ಏರಿವೆ. ಪಕ್ಕದ ಮನೆಯವರು ಎಂದಿನಂತೆ ಸರ್ವೆ ಕೊಂಬೆಯೊಂದನ್ನು ತಂದು ಮರಳಿನ ಬಕೆಟ್ಟಿನಲ್ಲಿ ನೆಟ್ಟರು. ಅವರ ತಮಿಳಿನಲ್ಲಿ ಅದು ಸವುಕ್ಕು. ನನ್ನ ಮೊಮ್ಮಗಳು ನೋಡಿ ಬಂದವಳೇ ಇಂಗ್ಲಿಷ್ ಪುಸ್ತಕದ ಚಿತ್ರ ಮುಂದಿಟ್ಟಳು. "ತಾತಾ, ಕ್ರಿಸ್‌ಮಸ್ ಮರ ಅಂದ್ರೆ ಸ್ಪ್ರೂಸ್ ಅಂತ ಇಲ್ಲಿದೆ. ಅವರದು ಬೇರೆ ಅಲ್ವಾ?"

ಬೇರೆಯೇ. ಸ್ಪ್ರೂಸನ್ನು ನಾನೂ ಕಣ್ಣಾರೆ ಕಂಡಿಲ್ಲ, ತಿಳಿದಷ್ಟು ಹೇಳಿದೆ. ಅದು ಚಳಿನಾಡಿನ ಮರ. ನಮ್ಮ ದೇಶದಲ್ಲಾದರೆ ಕಾಶ್ಮೀರ, ಹಿಮಾಚಲದ ಬೆಟ್ಟ ಹತ್ತಬೇಕು. ಗೋಪುರದ ಹಾಗೆ ಮೇಲೆ ಚೂಪು, ಕೆಳಗೆ ಅಗಲ. ಬಿದ್ದ ಹಿಮ ಜಾರಿಹೋಗುತ್ತದೆ. ಸೂಜಿಯಂಥ ಎಲೆಗೆ ನಾಲ್ಕು ಅಂಚು, ಬೆರಳ ನಡುವೆ ಹೊಸೆದರೆ ಉರುಳುತ್ತದೆ. ಕಾಯಿ ಕೆಳಮುಖವಾಗಿ ಜೋತಾಡುತ್ತದೆ.

"ಸರ್ವೆಗೂ ಸೂಜಿ ಇದೆಯಲ್ಲ?"

ಒಂದೆಳೆ ಕಿತ್ತು ತಂದೆವು. ಉದ್ದಕ್ಕೂ ಗಿಣ್ಣು. ಎಳೆದರೆ ಗಿಣ್ಣಿನಲ್ಲಿ ಬಿಡುತ್ತದೆ, ಸಿಕ್ಕಿಸಿದರೆ ಕೂಡುತ್ತದೆ. ಎಲ್ಲಿ ಮುರಿದಿದ್ದೇನೆ ಹೇಳು ನೋಡೋಣ ಎಂದು ಚಿಕ್ಕಂದಿನಲ್ಲಿ ನಾವು ಪಂಥ ಕಟ್ಟುತ್ತಿದ್ದೆವು. ಅವಳೂ ಶುರುಮಾಡಿದಳು. ತಮಾಷೆಯೆಂದರೆ ಆ ಎಳೆ ಎಲೆಯೇ ಅಲ್ಲ, ಸಣ್ಣ ರೆಂಬೆ. ಎಲೆಗಳು ಗಿಣ್ಣಿನ ಸುತ್ತ ಹಲ್ಲಿನಂತೆ ಕೂತಿರುತ್ತವೆ, ಕಣ್ಣಿಗೆ ಬಿದ್ದರೆ ಬಿದ್ದವು. ಸರ್ವೆ ಹೂಬಿಡುವ ಜಾತಿ. ಸ್ಪ್ರೂಸಿಗೆ ನೆಂಟನಲ್ಲ, ವೇಷ ಮಾತ್ರ ಅದರದು.

1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನಕ್ಕೆಂದು ಬಂದ ಮೇಲೆ ನಮ್ಮ ಕೆಜಿಎಫ್‌ಗೆ 'ಲಿಟ್ಲ್ ಇಂಗ್ಲೆಂಡ್' ಎಂಬ ಹೆಸರೇ ಬಿತ್ತು. ಬಂಗಲೆ ಬಂತು, ಕ್ಲಬ್ಬು ಬಂತು. 2001ರಲ್ಲಿ ಗಣಿ ಮುಚ್ಚಿತು. ಕ್ರಿಸ್‌ಮಸ್ ಹಬ್ಬ ಇಲ್ಲಿಯವರದಾಗಿ ಉಳಿಯಿತು. ಸ್ಪ್ರೂಸ್ ಮಾತ್ರ ಈ ಬಿಸಿಲಿಗೆ, ಈ ಒಣನೆಲಕ್ಕೆ ಬರುವ ಮರವಲ್ಲ. ಸಿಕ್ಕ ಕೊಂಬೆಗೇ ಜನ ಬಣ್ಣದ ಕಾಗದ ಕಟ್ಟಿದರು.

"ಹಾಗಾದ್ರೆ ಸ್ಪ್ರೂಸ್ ನಮ್ಮೂರಿಗೆ ಬಂದೇ ಇಲ್ವಾ?"

ಇಲ್ಲ ಅನ್ನಹೊರಟವನಿಗೆ ಪಿಟೀಲು ನೆನಪಾಯಿತು. ಅದರ ಮುಂಭಾಗದ ಹಲಗೆಯನ್ನು ಸಾಮಾನ್ಯವಾಗಿ ಸ್ಪ್ರೂಸಿನಿಂದಲೇ ಮಾಡುತ್ತಾರೆ. ಹಗುರ, ಆದರೂ ಬಿಗಿ. ತಂತಿಯ ಅದುರು ಹಲಗೆಗೆಲ್ಲ ಹರಡಿ ನಾದ ತುಂಬುತ್ತದೆ.

ಈ ಚಿಂತನದ ನಂತರ ರೇಡಿಯೋದಲ್ಲಿ ಪಿಟೀಲು ಬಂದರೆ, ಮನೆಯಲ್ಲಿ ಮಕ್ಕಳಿದ್ದರೆ, ಒಂದು ಗಳಿಗೆ ಕರೆದು ಕೇಳಿಸಿ.