ಪೆನ್ಸಿಲ್‌ನಲ್ಲಿ ಬರೆದ ಹೆಸರು



ಎಳೆಯ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳ ಬಗ್ಗೆ ಎರಡು ದಿನ ಕೂತು ಮಾತಾಡಬೇಕೆಂದು ಈ ಕಾಲೇಜು ತೀರ್ಮಾನಿಸಿದೆ. ಅದನ್ನು ಯಾದಗಿರಿಯಲ್ಲೇ, ಅದೂ ಜನವರಿಯಲ್ಲೇ ಇಟ್ಟುಕೊಂಡದ್ದು ನನಗೆ ತುಂಬಾ ಸರಿ ಅನ್ನಿಸಿತು. ತೊಗರಿ ರಾಶಿ ಮುಗಿಯುತ್ತಿದ್ದ ಹಾಗೆ ಇಲ್ಲಿನ ತಾಂಡಾಗಳಲ್ಲಿ, ಒಣಬೇಸಾಯದ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳುವ ತಿಂಗಳು ಇದು. ಕೃಷ್ಣೆ, ಭೀಮೆ ಎರಡೂ ಹರಿಯುವ ಜಿಲ್ಲೆ ನಮ್ಮದು. ಆದರೂ ಕಾಲುವೆಯ ನೀರು ಮುಟ್ಟದ ಹೊಲಗಳೇ ಬೇಕಾದಷ್ಟಿವೆ. ನೀವು ಬರುವಾಗ ರೈಲು ನಿಲ್ದಾಣದಲ್ಲಿ ಚೀಲ, ಕೊಡ, ಕೌದಿ ಗಂಟುಗಳ ನಡುವೆ ಮಲಗಿದ್ದ ಕೂಸುಗಳನ್ನು ನೋಡಿರುತ್ತೀರಿ. ಈ ಸಭೆಯ ವಿಷಯ ಅವರೇ.

ನಾನು ಸಂಶೋಧಕಿಯಲ್ಲ. ಬೆಂಗಳೂರಿನ ಪೂರ್ವದ ಅಂಚಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 22 ವರ್ಷ ಒಂದರಿಂದ ಮೂರನೇ ತರಗತಿಗೆ ಪಾಠ ಮಾಡಿ ನಿವೃತ್ತಳಾದವಳು. ಹುಟ್ಟಿದ್ದು ಸುರಪುರ ತಾಲ್ಲೂಕಿನಲ್ಲಿ. ಈ ಮಕ್ಕಳು ಬಿಟ್ಟು ಹೋಗುವ ಊರೂ ನನ್ನದು, ಬಂದಿಳಿಯುವ ಊರೂ ನನ್ನದು. ಆದ್ದರಿಂದ ನಾನು ಕಂಡ ಒಂದು ಮಗುವಿನಿಂದಲೇ ಶುರು ಮಾಡುತ್ತೇನೆ.

ಒಂದು ಜನವರಿಯ ಬೆಳಿಗ್ಗೆ, ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುತ್ತಿದ್ದ ಹೊತ್ತಿನಲ್ಲಿ, ಗೇಟಿನ ಬಳಿ ಒಬ್ಬ ತಂದೆ ನಿಂತಿದ್ದರು. ಉಗುರಿನ ಸಂದಿಗಳಲ್ಲಿ ಸಿಮೆಂಟು ಒಣಗಿತ್ತು. ಪಕ್ಕದಲ್ಲಿ ಏಳು ವರ್ಷದ ಹುಡುಗಿ, ಅವಳ ಸೊಂಟದ ಮೇಲೆ ಒಂದೂವರೆ ವರ್ಷದ ತಮ್ಮ. “ಎರಡ್ ಮೂರ್ ತಿಂಗಳ ಮಟ್ಟಿಗಿ ಸಾಲ್ಯಾಗ ಕೂಡಿಸ್ಕೋರಿ ಅಕ್ಕೋರೆ. ಶೆಡ್ಡಿನ್ಯಾಗ ಬಿಟ್ಟು ಹೋಗ್ಲಾಕ ಜೀವ ಒಪ್ಪಂಗಿಲ್ರಿ” ಅಂದರು. ಟಿ.ಸಿ. ಇರಲಿಲ್ಲ. ಊರಿನ ಶಾಲೆಯಲ್ಲಿ ಕೇಳಿದರೆ, ಉಗಾದಿಗೆ ಮರಳಿ ಬರುವವರಿಗೆ ಟಿ.ಸಿ. ಯಾಕೆ ಅಂದಿದ್ದರಂತೆ. ವಿದ್ಯಾರ್ಥಿಗಳ ದಾಖಲೆ ಇಡುವ ಶಿಕ್ಷಣ ಇಲಾಖೆಯ ಸ್ಯಾಟ್ಸ್‌ ವ್ಯವಸ್ಥೆಯಲ್ಲಿ ಅವಳ ಸಂಖ್ಯೆ ಆ ಶಾಲೆಯ ಲೆಕ್ಕದಲ್ಲೇ ಇತ್ತು. ನಾನು ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಅವಳ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡೆ.

ಮೊದಲ ದಿನ ತರಕಾರಿಗಳ ಚಿತ್ರ ತೋರಿಸುತ್ತಿದ್ದೆ. ಈರುಳ್ಳಿಯ ಚಿತ್ರ ಬಂದಾಗ ಅವಳೇ ಎಲ್ಲರಿಗಿಂತ ಮೊದಲು ಕೈ ಎತ್ತಿ “ಉಳ್ಳಾಗಡ್ಡಿ” ಅಂದಳು. ತರಗತಿ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ, ಆದರೆ “ಈರುಳ್ಳಿ ಅನ್ನಬೇಕು ಪುಟ್ಟಿ” ಎಂದು ತಿದ್ದಿದೆ. ನನ್ನ ಅವ್ವ ಸಾಯುವ ತನಕ ಉಳ್ಳಾಗಡ್ಡಿ ಎಂದೇ ಅಂದವಳು. ಕಸಬರಿಗೆಯನ್ನು ಪೊರಕೆ ಎಂದು, ಸಾಲಿಯನ್ನು ಶಾಲೆ ಎಂದು ಕರೆಯಲು ನಾನೇ ಒಂದು ಕಾಲಕ್ಕೆ ಕಲಿತವಳು. ಅಂಥ ನಾನು ಅವಳ ಮಾತನ್ನು ತಪ್ಪು ಉತ್ತರದ ಹಾಗೆ ತಿದ್ದಿದೆ. ಆಮೇಲೆ ಮೂರು ದಿನ ಆ ಮಗು ಬಾಯಿ ಬಿಡಲಿಲ್ಲ. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿದೆ. ಒಡಿಶಾದಿಂದ, ಬಿಹಾರದಿಂದ ಬಂದ ಮಗುವಿಗೆ ಭಾಷೆಯ ಕಷ್ಟ ಇರುತ್ತದೆಂದು ಎಲ್ಲರೂ ಒಪ್ಪುತ್ತಾರೆ. ಕನ್ನಡದಿಂದ ಕನ್ನಡಕ್ಕೆ ಬಂದ ಮಗುವಿಗೂ ಭಾಷೆ ಕೈಕೊಡಬಹುದೆಂದು ನಾವು ಯೋಚಿಸುವುದೇ ಇಲ್ಲ.

ನಾಲ್ಕನೇ ದಿನ ಅವಳು ತಾನಾಗಿಯೇ ಎದ್ದು ನಲಿಕಲಿ ಕಾರ್ಡುಗಳನ್ನಿಟ್ಟಿದ್ದ ಕಪಾಟಿನ ಹತ್ತಿರ ಹೋದಳು. ನಲಿಕಲಿಯ ವಿಚಾರ ಗೊತ್ತಿಲ್ಲದವರಿಗೆ ಒಂದು ಮಾತು: 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಹುಟ್ಟಿ, ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿ ಅದು. ಕಲಿಕೆಗೆ ಒಂದು ಏಣಿ, ಏಣಿಗೆ ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಚಿತ್ರದ ಗುರುತಿರುವ ಒಂದು ಕಾರ್ಡು. ಪ್ರತಿ ಮಗು ತನ್ನದೇ ವೇಗದಲ್ಲಿ ಹತ್ತುತ್ತದೆ. ಅವಳು ಕಾರ್ಡುಗಳನ್ನು ಒಂದೊಂದಾಗಿ ಸರಿಸಿ, ಒಂದನ್ನು ಹೊರಗೆ ಎಳೆದು, ನನ್ನ ಮುಂದೆ ಹಿಡಿದು, “ಅಕ್ಕೋರೆ, ನಂದು ಇಲ್ಲಿ ತನಾ ಆಗ್ಯಾದ್ರಿ” ಅಂದಳು.

ನಾನು ಆ ಕಾರ್ಡನ್ನೇ ನೋಡುತ್ತ ನಿಂತುಬಿಟ್ಟೆ. ಸುರಪುರದ ಕಡೆಯ ಅವಳ ತಾಂಡಾದ ಶಾಲೆಯಲ್ಲಿದ್ದ ಕಾರ್ಡೇ ನನ್ನ ಕಪಾಟಿನಲ್ಲೂ ಇತ್ತು. ಏಣಿಯೂ ಅದೇ, ಗುರುತೂ ಅದೇ. ತಾನು ಎಲ್ಲಿ ನಿಂತಿದ್ದೇನೆಂದು ಏಳು ವರ್ಷದ ಮಗುವಿಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ದೊಡ್ಡವರ ದಾಖಲೆಗಳಿಗೆ. ಎರಡು ಶಾಲೆಗಳ ನಡುವೆ ಒಂದು ಚೀಟಿ ಬಂದಿದ್ದರೆ ಸಾಕಿತ್ತು, ಅವಳು ಬಂದ ಮರುದಿನವೇ ಮುಂದಿನ ಮೆಟ್ಟಿಲು ಹತ್ತುತ್ತಿದ್ದಳು.

ಈ ಎರಡು ದಿನಗಳ ಚರ್ಚೆಯಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದೊಂದನ್ನೇ. ನಮ್ಮ ಯೋಜನೆಗಳೆಲ್ಲ ಮಗು ಒಂದು ಕಡೆ ಇರುತ್ತದೆಂದು ನಂಬಿ ಕಟ್ಟಿದವು. ಶಾಲೆ, ಅಂಗನವಾಡಿ, ಲಸಿಕೆ, ಎಲ್ಲವೂ ಒಂದು ವಿಳಾಸಕ್ಕೆ ಅಂಟಿಕೊಂಡಿವೆ. ಆ ವಿಳಾಸ ಬಿಟ್ಟು ಹೊರಟ ಮಗುವಿನ ಹಿಂದೆ ಅವು ಬರುವುದಿಲ್ಲ.

ಜನಗಣತಿಯನ್ನೇ ನೋಡಿ. 2011ರ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 45 ಕೋಟಿ ಜನ ವಲಸೆ ಬಂದವರು. ಯಾಕೆ ಬಂದಿರಿ ಎಂಬ ಪ್ರಶ್ನೆಗೆ ಕೆಲಸ, ವ್ಯಾಪಾರ, ಓದು, ಮದುವೆ ಎಂದೆಲ್ಲ ಕಾರಣಗಳನ್ನು ಗುರುತು ಹಾಕಲು ಜಾಗವಿದೆ. ಮಗು ಸಾಮಾನ್ಯವಾಗಿ ‘ಕುಟುಂಬದೊಂದಿಗೆ ಬಂದದ್ದು’ ಎಂಬ ಸಾಲಿಗೆ ಸೇರುತ್ತದೆ. ಅದಕ್ಕೆ ತನ್ನದೇ ಆದ ಕಾರಣವಿಲ್ಲ, ಸಾಮಾನಿನ ಜೊತೆ ಬಂದ ಹಾಗೆ ಲೆಕ್ಕ. ನಾಲ್ಕು ತಿಂಗಳು ದುಡಿದು ಮರಳುವ ಗುಳೆಯವರಂತೂ ಎಷ್ಟೋ ಸಲ ಆ ಲೆಕ್ಕಕ್ಕೇ ಸಿಗುವುದಿಲ್ಲ. ಇಲ್ಲಿಗೆ ಬಂದಿರುವ ಜನಸಂಖ್ಯಾ ಅಧ್ಯಯನದ ಮಿತ್ರರಲ್ಲಿ ನನ್ನ ಕೋರಿಕೆ: ಹತ್ತು ಹಳ್ಳಿಗಳಲ್ಲಾದರೂ ಸರಿ, ಹೋಗುವವರನ್ನು ಎಣಿಸುವಾಗ ಮಕ್ಕಳನ್ನು ಪ್ರತ್ಯೇಕವಾಗಿ, ವಯಸ್ಸಿನ ಸಮೇತ ಎಣಿಸಿ.

ಇನ್ನೊಂದು ತೊಡಕು ಕ್ಯಾಲೆಂಡರಿನದು. ಶಾಲೆಯ ವರ್ಷ ಜೂನ್ ಹೊತ್ತಿಗೆ ಶುರುವಾಗಿ ಏಪ್ರಿಲ್‌ಗೆ ಮುಗಿಯುತ್ತದೆ. ಗುಳೆಯ ವರ್ಷ ರಾಶಿ ಮುಗಿದ ಮೇಲೆ ಶುರುವಾಗಿ, ಕೆಲವರಿಗೆ ಉಗಾದಿಗೆ, ಬಹಳ ಜನರಿಗೆ ಮುಂಗಾರು ಬಿತ್ತನೆಗೆ ಮುಗಿಯುತ್ತದೆ. ಹಾಗಾಗಿ ಮಗು ಪ್ರತಿ ವರ್ಷವೂ ಪಾಠದ ಮೊದಲ ಅರ್ಧ ಊರಿನಲ್ಲಿ ಕಲಿತು, ಉಳಿದರ್ಧದ ಹೊತ್ತಿಗೆ ಜೆಲ್ಲಿ ರಾಶಿಯ ಪಕ್ಕ ಇರುತ್ತದೆ. ನಾಲ್ಕು ವರ್ಷ ಹೀಗಾದರೆ ಅದು ಪ್ರತಿ ಪುಸ್ತಕದ ಮುಂದಿನ ಪುಟಗಳನ್ನಷ್ಟೇ ಓದಿದ ಮಗು. ಐದನೇ ವರ್ಷ ಅದು ತಾನೇ ಶಾಲೆ ಬೇಡ ಅನ್ನುತ್ತದೆ. ಆಗ ನಾವು ‘ಓದಿನಲ್ಲಿ ಆಸಕ್ತಿ ಇಲ್ಲ’ ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ. ಆ ಮಾತು ಬರೆದ ಕೈಗಳಲ್ಲಿ ನನ್ನದೂ ಒಂದು.

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. ಇದೆ, ಚೆನ್ನಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು ಅದರ 4ನೇ ಕಲಂ ಹೇಳುತ್ತದೆ. ಟಿ.ಸಿ. ತಡವಾಯಿತೆಂದು ಪ್ರವೇಶ ತಡಮಾಡಬಾರದು, ಟಿ.ಸಿ. ಕೊಡಲು ತಡಮಾಡಿದ ಮುಖ್ಯೋಪಾಧ್ಯಾಯರ ಮೇಲೆ ಶಿಸ್ತುಕ್ರಮ ಜರುಗಿಸಬಹುದು ಎನ್ನುವುದು 5ನೇ ಕಲಂ. ವಯಸ್ಸಿನ ದಾಖಲೆ ಇಲ್ಲವೆಂದು ತಿರುಗಿಸಿ ಕಳಿಸುವ ಹಾಗಿಲ್ಲ. ವರ್ಷದ ನಡುವೆ ಬಂದರೆಂದು ತಿರುಗಿಸಿ ಕಳಿಸುವ ಹಾಗೂ ಇಲ್ಲ. 9ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಚಿತಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಎಂದು ಬಿಡಿಸಿ ಹೇಳುತ್ತದೆ. ಅಂದರೆ ತಂದೆ ಗೇಟಿನ ಬಳಿ ಕೈಮುಗಿದು ನಿಲ್ಲಬೇಕಾಗಿಲ್ಲ, ಶೆಡ್ಡಿನ ಬಾಗಿಲಿಗೆ ಪಾಲಿಕೆಯವರೇ ಹೋಗಬೇಕು. ಬೆಂಗಳೂರಿಗೆ ಈಗ ಒಂದಲ್ಲ, ಐದು ಪಾಲಿಕೆಗಳು. ಈ ಕೆಲಸವನ್ನು ಐದರಲ್ಲಿ ಯಾವುದಾದರೂ ಒಂದು ತನ್ನದೆಂದು ಮೊದಲು ಎತ್ತಿಕೊಳ್ಳಲಿ ಎಂಬುದು ನನ್ನ ಆಸೆ.

ಆದರೆ ಈ ಕಾಯ್ದೆ ಆರು ವರ್ಷ ತುಂಬಿದ ಮಕ್ಕಳಿಗೆ. ನನ್ನ ವಿದ್ಯಾರ್ಥಿನಿಯ ಸೊಂಟದ ಮೇಲಿದ್ದ ತಮ್ಮನ ಗತಿ?

ಬೆಂಗಳೂರಿನ ಕಟ್ಟಡದ ಸೈಟು ಹೇಗಿರುತ್ತದೆಂದು ಇಲ್ಲಿ ಬಹಳ ಜನರಿಗೆ ಗೊತ್ತು. ಎರಡು ಕಂಬಗಳ ನಡುವೆ ಹಳೆಯ ಸೀರೆಯ ಜೋಳಿಗೆ. ಅದರ ಕೆಳಗೆ ಎಂ-ಸ್ಯಾಂಡಿನ ಗುಡ್ಡೆ. ತಾಯಿ ತಲೆಯ ಮೇಲೆ ಬಾಂಡಲಿ ಹೊತ್ತು ಹತ್ತುವಾಗಲೂ ಒಂದು ಕಣ್ಣು ಜೋಳಿಗೆಯ ಕಡೆಗೇ. ಬಾಯಿ ತೆರೆದ ನೀರಿನ ಸಂಪು, ಕಟಕಟೆ ಕಟ್ಟದ ಮೆಟ್ಟಿಲು, ಹಿಂದೆ ಸರಿಯುವ ಟಿಪ್ಪರು. ಅಂಗನವಾಡಿ ಒಂದು ಫರ್ಲಾಂಗು ದೂರದಲ್ಲೇ ಇದ್ದರೂ ಅದು ಸಂಜೆ ನಾಲ್ಕಕ್ಕೆ ಬಾಗಿಲು ಹಾಕುತ್ತದೆ, ಸೈಟಿನ ಕೆಲಸ ಆರಕ್ಕೆ ಮುಗಿಯುತ್ತದೆ. ನಡುವಿನ ಆ ಎರಡು ತಾಸು ಯಾರದು? ಮನೆಯ ದೊಡ್ಡ ಹುಡುಗಿಯದು. ಹೀಗೆ ಆರು ವರ್ಷದೊಳಗಿನ ತಮ್ಮನ ಸಮಸ್ಯೆ ಏಳು ವರ್ಷದ ಅಕ್ಕನ ಶಾಲೆಯನ್ನು ತಿನ್ನುತ್ತದೆ. ಇವೆರಡನ್ನೂ ಬೇರೆ ಬೇರೆ ಇಲಾಖೆಗಳಿಗೆ ಹಂಚಿದ್ದೇವೆ, ಶೆಡ್ಡಿನಲ್ಲಿ ಅವು ಒಂದೇ ಸಮಸ್ಯೆ.

ನಮ್ಮ ಮುಖ್ಯೋಪಾಧ್ಯಾಯರು ದೊಡ್ಡ ಮನಸ್ಸಿನವರು. ತಮ್ಮನನ್ನು ಬಿಟ್ಟು ಬಾ ಅಂದರೆ ಅಕ್ಕನೂ ಬರುವುದಿಲ್ಲ ಎಂದು ಅರಿತು ಇಬ್ಬರನ್ನೂ ಕೂರಿಸಿಕೊಂಡರು. ಅವನು ಕಾರ್ಡು ಕಪಾಟಿನ ಪಕ್ಕ, ಅಕ್ಕ ತಂದ ಕೌದಿಯ ತುಂಡಿನ ಮೇಲೆ ನಿದ್ದೆ ಮಾಡುತ್ತಿದ್ದ. ಅವನು ಎದ್ದು ಅತ್ತರೆ ಅವಳ ಪಾಠ ಅಲ್ಲಿಗೇ ನಿಲ್ಲುತ್ತಿತ್ತು.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆ, 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದಿತು. ಕಟ್ಟಡದ ವೆಚ್ಚದ ಶೇಕಡಾ ಒಂದರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೆಂದೇ ಬರುತ್ತದೆ. ಆದರೆ ನಾನು ಕಂಡ ಸೈಟುಗಳಲ್ಲಿ ಮೇಸ್ತ್ರಿ ಕೂಲಿ ಕೊಡುತ್ತಿದ್ದದ್ದು ಜೋಡಿಗೆ. ಬರೆದುಕೊಳ್ಳುತ್ತಿದ್ದದ್ದು ಗಂಡನ ಹೆಸರು. ಹೆಂಡತಿ ಪುಸ್ತಕದಲ್ಲೇ ಇಲ್ಲದ ಮೇಲೆ ಆ 50 ತುಂಬುವುದು ಎಲ್ಲಿಂದ? ಎಷ್ಟು ಹೆಂಗಸರು ಎಂದು ಕೇಳುವ ಬದಲು ಎಷ್ಟು ಕೂಸುಗಳು ಎಂದು ಕೇಳುವ ನಿಯಮ ಬೇಕು. ಸೈಟಿನಲ್ಲಿ ಐದು ಕೂಸುಗಳಿದ್ದರೂ ಅವಕ್ಕೆ ನೆರಳು ಬೇಕಷ್ಟೆ.

ಇದು ಆಗದ ಮಾತೇನಲ್ಲ. 1969ರಲ್ಲಿ ದೆಹಲಿಯ ರಾಜಘಾಟ್ ಬಳಿಯ ಕಾಮಗಾರಿ ಜಾಗದಲ್ಲಿ ಮಣ್ಣು ಮೆತ್ತಿಕೊಂಡು ಕೂತಿದ್ದ ಕೂಲಿಯವರ ಮಕ್ಕಳನ್ನು ಕಂಡು ಮೀರಾ ಮಹಾದೇವನ್ ಅಲ್ಲೇ ಡೇರೆ ಹಾಕಿಸಿ ‘ಮೊಬೈಲ್ ಕ್ರೆಷಸ್’ ಶುರು ಮಾಡಿದರು. ಕೆಲಸ ಮುಂದಿನ ಸೈಟಿಗೆ ಹೋದರೆ ಶಿಶುವಿಹಾರವೂ ಹಿಂದೆ ಹೋಗಬೇಕೆಂಬುದು ಅದರ ಹೆಸರಿನಲ್ಲೇ ಇದೆ. ನಮ್ಮ ರಾಜ್ಯವೂ ಗುಳೆ ಮಕ್ಕಳಿಗೆಂದು ಟೆಂಟ್ ಶಾಲೆಗಳನ್ನು ನಡೆಸಿದೆ. 2023–24ರ ಬಜೆಟ್ಟಿನಲ್ಲಿ ಉದ್ಯೋಗ ಖಾತ್ರಿಯ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ಊರಲ್ಲಿ ಕೂಸಿನ ಮನೆ ಬೇಕೆಂದು ಒಪ್ಪಿದ ಮೇಲೆ, ಅದೇ ಕೂಸು ಬೆಂಗಳೂರಿಗೆ ಹೋದಾಗ ಅಲ್ಲಿಯೂ ಬೇಕೆಂದು ಒಪ್ಪುವುದು ಎಷ್ಟು ದೂರದ ಮಾತು?

ಭಾಷೆಯ ವಿಚಾರದಲ್ಲಿ ಮುಂಬೈಯನ್ನು ನೆನೆಯಬೇಕು. ನಮ್ಮ ಭಾಗದಿಂದ ಹಿಂದಿನಿಂದಲೂ ಜನ ದುಡಿಯಲು ಹೋದ ನಗರ ಅದು. ಅಲ್ಲಿನ ಮಹಾನಗರಪಾಲಿಕೆ ಮರಾಠಿಯ ಜೊತೆಗೆ ಕನ್ನಡ, ತೆಲುಗು, ತಮಿಳು, ಉರ್ದು, ಗುಜರಾತಿ ಮಾಧ್ಯಮಗಳಲ್ಲೂ ಶಾಲೆ ನಡೆಸಿದೆ. ಪರ ಊರಿನಲ್ಲಿ ನಮ್ಮ ಕೂಲಿಯವರ ಮಕ್ಕಳಿಗೆ ಸಿಕ್ಕ ಆ ಮರ್ಯಾದೆ ದೊಡ್ಡದು. ನಮ್ಮ ರಾಜಧಾನಿಗೆ ಬಂದ ಮಗುವಿಗೆ ಅಷ್ಟೇ ಮರ್ಯಾದೆ ಕೊಡಲು ಬೆಂಗಳೂರಿಗೆ ಬೇರೆ ಶಾಲೆಯೂ ಬೇಕಿಲ್ಲ. ಉಳ್ಳಾಗಡ್ಡಿಯೂ ಕನ್ನಡವೇ ಎಂದು ತಿಳಿದ ಟೀಚರ್ ಸಾಕು.

ಆ ಹುಡುಗಿಗೆ ನಾನು ಅದನ್ನು ತಡವಾಗಿ ಹೇಳಿದೆ. ಕಪ್ಪುಹಲಗೆಯ ಮೇಲೆ ಒಂದೇ ಚಿತ್ರದ ಕೆಳಗೆ ಎರಡು ಹೆಸರು ಬರೆದು, ಎರಡನ್ನೂ ಇಡೀ ತರಗತಿಯಿಂದ ಓದಿಸಿದೆ. ಅವಳು ನಾಚಿ ತಲೆ ತಗ್ಗಿಸಿ ನಕ್ಕಳು. ಆಮೇಲಿನ ಆರು ವಾರಗಳಲ್ಲಿ ಹನ್ನೊಂದು ಮೆಟ್ಟಿಲು ಹತ್ತಿದಳು. ಮಾರ್ಚಿನ ಒಂದು ಸೋಮವಾರ ಬರಲಿಲ್ಲ. ಮರುದಿನವೂ ಇಲ್ಲ. ಸಂಜೆ ಸೈಟಿಗೆ ಹೋದೆ. ಕೊನೆಯ ಮೋಲ್ಡು ಹಾಕಿಯಾಗಿತ್ತು, ತಗಡಿನ ಶೆಡ್ಡುಗಳು ಎದ್ದುಹೋಗಿದ್ದವು. ಮೇಸ್ತ್ರಿ ಇಡೀ ಗುಂಪನ್ನು ನಗರದ ಇನ್ನೊಂದು ತುದಿಗೆ ಕರೆದುಕೊಂಡು ಹೋಗಿದ್ದನೆಂದು ಕಾವಲುಗಾರ ಹೇಳಿದ. ಒಲೆಯ ಮೂರು ಕಲ್ಲು ಹಾಗೇ ಇದ್ದವು. ಊರಿನ ಶಾಲೆಯ ಪುಸ್ತಕದಲ್ಲಿ ಆ ಮಗು ಡಿಸೆಂಬರಿನಿಂದ ಗೈರು. ನನ್ನ ಪುಸ್ತಕದಲ್ಲಿ ಪೆನ್ಸಿಲ್ಲಿನ ಹೆಸರು. ಮುಂದಿನ ಶಾಲೆ ಯಾವುದೆಂದು ತಿಳಿದಿದ್ದರೆ ಮೆಟ್ಟಿಲ ಸಂಖ್ಯೆ ಬರೆದ ಚೀಟಿ ಕಳಿಸುತ್ತಿದ್ದೆ.

ಆದ್ದರಿಂದ ನನ್ನ ಪ್ರಸ್ತಾಪ ಸಣ್ಣದು. ಈ ಕಾಲೇಜಿನ ವಿದ್ಯಾರ್ಥಿಗಳು ಈ ತಿಂಗಳೇ ಸುತ್ತಲಿನ ಕೆಲವು ಶಾಲೆಗಳಿಗೆ ಹೋಗಿ, ಹೊರಡಲಿರುವ ಪ್ರತಿ ಮಗುವಿಗೆ ಒಂದು ಕಾಗದ ಬರೆಯಿಸಲಿ: ಹೆಸರು, ಸ್ಯಾಟ್ಸ್ ಸಂಖ್ಯೆ, ನಲಿಕಲಿಯ ಮೆಟ್ಟಿಲು, ಹಾಕಿಸಿದ ಲಸಿಕೆ, ಊರಿನ ಟೀಚರ ಫೋನ್ ನಂಬರು. ತಾಯಿ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಾಯಿಯ ಕೈಗೇ ಕೊಡಲಿ. ಕೆಲಸ ಮಾಡಿತೋ ಇಲ್ಲವೋ ಎಂದು ಜೂನ್‌ನಲ್ಲಿ ಅವರು ಮರಳಿದಾಗ ಕೇಳಿ ಬರೆದಿಡೋಣ. ಮುಂದಿನ ವರ್ಷದ ಪ್ರಬಂಧಗಳು ಅದರಿಂದ ಹುಟ್ಟಲಿ.

ಊಟದ ನಂತರದ ಗೋಷ್ಠಿಯಲ್ಲಿ ಇಬ್ಬರು ತಾಯಂದಿರು ಮಾತಾಡುತ್ತಾರೆ. ಅವರಿಗೂ ಇವತ್ತು ರಾತ್ರಿಯೇ ಬೆಂಗಳೂರಿನ ರೈಲು. ಗಂಟು ಕಟ್ಟುವುದು ಇನ್ನೂ ಬಾಕಿ ಇದೆಯಂತೆ. ದಯವಿಟ್ಟು ಅವರ ಗೋಷ್ಠಿಯನ್ನು ಹೊತ್ತಿಗೆ ಸರಿಯಾಗಿ ಶುರು ಮಾಡಿ, ಅವರಿಗೆ ಮೊದಲು ಮೈಕ್ ಕೊಡಿ.