ಮೇಕೆ, ಗುಡಿಸಲು, ಗಿಡಗಂಟಿ: ಲಕ್ಷ್ಮಾ ಗೌಡರ ಚಿತ್ರಗಳಲ್ಲಿ ನಮ್ಮ ನೆಲ

(ಹೈದರಾಬಾದಿನ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಕಲಾವಿಮರ್ಶಕನಲ್ಲ. ಬೀದರ್ ಜಿಲ್ಲೆಯಿಂದ ಬಂದು ಈ ನಗರದಲ್ಲಿ ನೆಲೆನಿಂತ ಒಬ್ಬ ಸಾಮಾನ್ಯ ಪ್ರೇಕ್ಷಕ. ಆದರೂ ಇಂದು ಒಬ್ಬ ಚಿತ್ರಕಾರರ ಬಗ್ಗೆ ಮಾತನಾಡುವ ಧೈರ್ಯ ಮಾಡಿದ್ದೇನೆ. ಅದಕ್ಕೆ ಕಾರಣ ಕಲೆಯಷ್ಟೇ ಅಲ್ಲ, ನಮ್ಮ ಅಸ್ಮಿತೆಯ ಪ್ರಶ್ನೆಯೂ ಹೌದು.

ಹೊರನಾಡ ಸಂಘಗಳ ಆಹ್ವಾನಪತ್ರಿಕೆಗಳನ್ನೂ ಸ್ಮರಣಸಂಚಿಕೆಗಳ ಮುಖಪುಟಗಳನ್ನೂ ನೆನಪಿಸಿಕೊಳ್ಳಿ. ಜೋಗದ ಜಲಪಾತ, ಅಡಿಕೆ ತೋಟ, ಮಂಜು ಕವಿದ ಬೆಟ್ಟ, ಹಂಚಿನ ಮನೆ. ಕನ್ನಡ ನಾಡೆಂದರೆ ಇದೇ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿದೆ. ಅದು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಬೀದರ್, ಕಲಬುರಗಿ, ರಾಯಚೂರುಗಳಿಂದ ಬಂದ ನಮ್ಮಂಥವರಿಗೆ ಊರೆಂದರೆ ಜೋಳ ತೊಗರಿಗಳ ಹೊಲ, ಬೇವಿನ ನೆರಳು, ಬಿಸಿಲಿಗೆ ಕಾದ ಬಂಡೆ, ಮೇಕೆ ಕಾಯುವ ಹುಡುಗ. ಆ ಊರನ್ನು ನಾನು ಮೊದಲ ಬಾರಿಗೆ ಚಿತ್ರದಲ್ಲಿ ಕಂಡದ್ದು ತೆಲಂಗಾಣದ ಕಲಾವಿದ ಕೆ. ಲಕ್ಷ್ಮಾ ಗೌಡರಲ್ಲಿ.

ಇದು ಆಕಸ್ಮಿಕವಲ್ಲ. ಗೌಡರು 1940ರಲ್ಲಿ ಹುಟ್ಟಿದ್ದು ಅಂದಿನ ಮೇದಕ ಜಿಲ್ಲೆಯ ನಿಜಾಂಪುರದಲ್ಲಿ. ಆ ಜಿಲ್ಲೆಯ ಗಡಿಗೆ ಹೊಂದಿಕೊಂಡೇ ನಮ್ಮ ಬೀದರ್. 1956ರ ನವೆಂಬರ್ 1ರವರೆಗೆ ಎರಡೂ ಹೈದರಾಬಾದ್ ರಾಜ್ಯದೊಳಗೇ ಇದ್ದವು. ರಾಜ್ಯ ಪುನರ್ವಿಂಗಡಣೆ ಭಾಷೆಯ ಆಧಾರದ ಮೇಲೆ ನಮ್ಮನ್ನು ಬೇರೆ ಮಾಡಿತು, ಅದು ನ್ಯಾಯವಾದದ್ದೇ. ಆದರೆ ಮಣ್ಣು, ಮಳೆ, ಬೆಳೆ, ಬಡತನಗಳಿಗೆ ಗಡಿಕಲ್ಲು ತಿಳಿಯದು.

ಹೈದರಾಬಾದಿನ ಕಲಾ ಕಾಲೇಜಿನಲ್ಲಿ ಓದಿದ ಗೌಡರು 1963ರಲ್ಲಿ ಬರೋಡಾಕ್ಕೆ ಹೋಗಿ ಕೆ.ಜಿ. ಸುಬ್ರಮಣ್ಯನ್ ಅವರ ಬಳಿ ಭಿತ್ತಿಚಿತ್ರ ಕಲಿತರು. ಲೋಹದ ತಗಡಿನ ಮೇಲೆ ಗೆರೆ ಕೊರೆದು, ಆಮ್ಲದಿಂದ ಆಳವಾಗಿಸಿ, ಮಸಿ ತುಂಬಿ ಕಾಗದಕ್ಕೆ ಒತ್ತುವ ಎಚಿಂಗ್ ವಿಧಾನ ಅವರಿಗೆ ಒಲಿದದ್ದೂ ಅಲ್ಲಿಯೇ. ದೊಡ್ಡ ಗೋಡೆಯ ಕಲೆ ಕಲಿಯಲು ಹೋದವರು ಅಂಗೈಯಗಲದ ತಗಡಿನಲ್ಲಿ ಇಡೀ ಹಳ್ಳಿಯನ್ನು ಹಿಡಿಯಲು ಕಲಿತು ಬಂದರು. ಮುಂದೆ ಜಲವರ್ಣ, ಗಾಜಿನ ಹಿಂಬದಿಯ ಚಿತ್ರ, ಸುಟ್ಟ ಮಣ್ಣು, ಕಂಚು ಎಲ್ಲದರಲ್ಲೂ ಕೈಯಾಡಿಸಿದರು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 2016ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಅವರ ನಿಸರ್ಗಚಿತ್ರದ ವಿಶೇಷವೆಂದರೆ, ಅಲ್ಲಿ ನಿಸರ್ಗ ಮನುಷ್ಯನಿಂದ ಬೇರೆಯಾಗಿ ನಿಲ್ಲುವುದಿಲ್ಲ. ನಮ್ಮ ರುಮಾಲೆ ಚನ್ನಬಸವಯ್ಯನವರ ಕ್ಯಾನ್ವಾಸಿನಲ್ಲಿ ಹೂಬಿಟ್ಟ ಮರವೇ ನಾಯಕ. ನೋಡುವವನು ದೂರದಲ್ಲಿ ನಿಂತು ಆನಂದಿಸುತ್ತಾನೆ. ಗೌಡರಲ್ಲಿ ಗಿಡಗಂಟಿಗಳ ನಡುವಿನಿಂದ ಮುಖಗಳು ಮೂಡುತ್ತವೆ. ಮೇಕೆಯ ಮೈಯ ಗೆರೆಯೂ ಮುಂಡಾಸು ಕಟ್ಟಿದ ರೈತನ ಮುಖದ ಸುಕ್ಕೂ ಒಂದೇ ಬಗೆಯ ಗೆರೆ. ಗುಡಿಸಲು, ಮರ, ಹೆಂಗಸು, ಪ್ರಾಣಿ ಒಂದೇ ಉಸಿರಿನವು. ಅವರ ಆರಂಭದ ಚಿತ್ರಗಳ ಕಾಮುಕ ನಗ್ನತೆ ಹಲವರಿಗೆ ಮುಜುಗರ ತಂದದ್ದುಂಟು, ನನಗೂ ತಂದಿತ್ತು. ಆದರೆ ಆ ಮುಜುಗರ ನನ್ನ ಪೇಟೆಯ ಮಧ್ಯಮವರ್ಗದ ಸಂಕೋಚವೇ ಹೊರತು ಹಳ್ಳಿಯದಲ್ಲ ಎಂದು ನಿಧಾನವಾಗಿ ಅರಿವಾಯಿತು. ಹಳ್ಳಿ ತನ್ನ ದೇಹವನ್ನು ನಮ್ಮಷ್ಟು ಮುಚ್ಚಿಡುವುದಿಲ್ಲ.

ಇಲ್ಲಿ ಕೆ.ಕೆ. ಹೆಬ್ಬಾರರನ್ನು ನೆನೆಯಬೇಕು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬಾಳಿ, 1996ರಲ್ಲಿ ಅಲ್ಲಿಯೇ ತೀರಿಕೊಂಡ ಅವರು ನಮ್ಮಂತೆ ಹೊರನಾಡ ಕನ್ನಡಿಗರು. ಊರು ಬಿಟ್ಟವನ ಕಣ್ಣಿಗೆ ಊರು ಇನ್ನಷ್ಟು ನಿಚ್ಚಳ. ಆದರೆ ಅದರಲ್ಲೊಂದು ಅಪಾಯವೂ ಇದೆ: ಬಿಟ್ಟುಬಂದ ಊರನ್ನು ನಾವು ಸುಂದರಗೊಳಿಸುತ್ತೇವೆ. ಹಸಿವು, ಜಾತಿ, ಬರಗಾಲಗಳನ್ನು ಅಳಿಸಿ ಹಸಿರನ್ನು ಮಾತ್ರ ಉಳಿಸಿಕೊಳ್ಳುತ್ತೇವೆ. ಅಂಥ ಚಿತ್ರ ಗೋಡೆಗೆ ಅಲಂಕಾರ, ನೆನಪಿಗೆ ದ್ರೋಹ.

ಗೌಡರ ಚಿತ್ರಗಳೂ ಇಂದು ಸಿರಿವಂತರ ಗೋಡೆಗಳ ಮೇಲಿವೆ ಎಂದು ನೀವು ಕೇಳಬಹುದು. ನಿಜ, ಆ ವಿಪರ್ಯಾಸದಿಂದ ಯಾವ ಕಲಾವಿದನಿಗೂ ಬಿಡುಗಡೆಯಿಲ್ಲ. ಆದರೂ ಆ ಗೋಡೆಯ ಮೇಲಿಂದ ಅವರ ರೈತ ನಮ್ಮನ್ನು ನೇರವಾಗಿ ನೋಡುತ್ತಾನೆ, ಮೆಚ್ಚಿಸಲು ನಗುವುದಿಲ್ಲ.

ನಮ್ಮ ಮಕ್ಕಳು ಇಲ್ಲಿಯೇ ಹುಟ್ಟಿದವರು. ಕನ್ನಡ ನಾಡನ್ನು ಅವರಿಗೆ ಜೋಗದ ಕ್ಯಾಲೆಂಡರಿನಿಂದಷ್ಟೇ ತೋರಿಸಿದರೆ ಅದು ಅವರಿಗೆ ರಜೆಯ ಪ್ರವಾಸದ ತಾಣವಾಗುತ್ತದೆ, ನಾಡಾಗುವುದಿಲ್ಲ. ನನ್ನ ವಿನಂತಿ ಇಷ್ಟೆ: ಈ ನಗರದಲ್ಲಿ ಗೌಡರ ಚಿತ್ರಗಳ ಪ್ರದರ್ಶನ ನಡೆದಾಗ ಮಕ್ಕಳನ್ನು ಕರೆದೊಯ್ಯಿರಿ. ತೆಲುಗು ನೆರೆಯವರು ಬರೆದ ಆ ಮೇಕೆಯ ಮುಂದೆ ನಿಲ್ಲಿಸಿ, "ನಿಮ್ಮ ಅಜ್ಜ ಕಾಯುತ್ತಿದ್ದದ್ದು ಇಂಥದ್ದನ್ನೇ" ಎಂದು ಕನ್ನಡದಲ್ಲಿ ಹೇಳಿರಿ. ನೆಲ ಎರಡು ಭಾಷೆಗಳಲ್ಲಿ ನಮ್ಮದಾಗುವುದು ಹಾಗೆ.